ಐದು ಗಂಟೆ ಹತ್ತು ನಿಮಿಷಕ್ಕೆ ಬಂದ ರೈಲು

ನಮ್ಮ ಊರಿನ ಚಿಕ್ಕ ರೈಲಿನ ವಿಚಾರ ಯಾರಾದರೂ ಎತ್ತಿದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಎಂಜಿನ್ನಲ್ಲ, ಬೋಗಿಯೂ ಅಲ್ಲ. ಎರಡೂವರೆ ಅಡಿ ಅಂತರದ ಹಳಿಗಳ ನಡುವೆ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ಒಬ್ಬ ಮನುಷ್ಯ ಕುಂಟುತ್ತ ನಡೆಯುತ್ತಿದ್ದ. ಭುಜದ ಮೇಲೆ ಉದ್ದ ಹಿಡಿಯ ಸುತ್ತಿಗೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಳಿಯ ಬೆಣೆಗೆ ಒಂದು ಏಟು ಹಾಕುತ್ತಿದ್ದ, ಕತ್ತು ವಾರೆ ಮಾಡಿ ಅದರ ಸದ್ದು ಕೇಳುತ್ತಿದ್ದ, ಮತ್ತೆ ಮುಂದಕ್ಕೆ ಹೋಗುತ್ತಿದ್ದ. ಕೆಲಸದಿಂದ ಬಿಡಿಸಿ ಎಷ್ಟೋ ವರ್ಷವಾಗಿದ್ದರೂ ಅವನು ಹಾಗೆ ನಡೆಯುವುದನ್ನು ಬಿಟ್ಟಿರಲಿಲ್ಲ. ಅವನ ಹೆಸರು ಕರಿಗಿರಿಯಪ್ಪ. ಅವನಿಗೆ ನಾನು ಮಾಡಿದ್ದನ್ನು ಇವತ್ತು ಹೇಳಿಬಿಡುತ್ತೇನೆ. ಯಾರ ಕನಿಕರಕ್ಕಾಗಿಯೂ ಅಲ್ಲ. ನನ್ನ ವಯಸ್ಸಿನವರು ಬರೆದ ನೆನಪುಗಳಲ್ಲಿ ಬರೆದವರೆಲ್ಲ ಒಳ್ಳೆಯವರೇ ಆಗಿರುವುದನ್ನು ಓದಿ ಓದಿ ನನಗೆ ರೇಜಿಗೆ ಹತ್ತಿದೆ.

ನಮ್ಮದು ಹದಿನೇಳು ಮೈಲಿಯ ದಾರಿ. ಇದ್ದದ್ದು ಒಂದೇ ಎಂಜಿನ್, ಒಂದೇ ರೈಲು. ಬೆಳಗ್ಗೆ ಎಂಟಕ್ಕೆ ನಮ್ಮ ಸ್ಟೇಷನ್ ಬಿಟ್ಟು ದೊಡ್ಡ ರೈಲಿನ ಜಂಕ್ಷನ್ನಿಗೆ ಹೋಗುತ್ತಿತ್ತು, ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ವಾಪಸು ಬರುತ್ತಿತ್ತು. ಹೋಗುವಾಗ ಹುಣಸೆಹಣ್ಣು, ಹಂಚು. ಬರುವಾಗ ಸೀಮೆಎಣ್ಣೆ, ಉಪ್ಪು. ಏರಿನಲ್ಲಿ ಹುಡುಗರು ಇಳಿದು ಸೀತಾಫಲ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರು ಎಂದು ಜನ ನಗುವುದುಂಟು. ಅದು ಸುಳ್ಳಲ್ಲ. ಆ ಕಂಪನಿಯಲ್ಲಿ ನಾನು ಗುಮಾಸ್ತನಾಗಿ ಸೇರಿ, ಸ್ಟೇಷನ್ ಮಾಸ್ಟರಾಗಿ, ಐವತ್ತೈದಕ್ಕೆ ನಿವೃತ್ತನಾದೆ. ಅದೇ ವರ್ಷ ರೈಲಿಗೆ ಐವತ್ತು ತುಂಬಿತು. ಹೊಸದಾಗಿ ಬಂದಿದ್ದ ಮ್ಯಾನೇಜರ್ ಸೀತಾಪತಿ ರಾಯರು ನನ್ನನ್ನು ಕರೆಸಿದರು.

"ಒಂದು ಪುಸ್ತಕ ಆಗ್ಬೇಕು ಮಾಸ್ಟ್ರೇ. ರೈಲಿನ ಚರಿತ್ರೆ. ನಿಮಗಿಂತ ಬಲ್ಲವರು ಯಾರಿದ್ದಾರೆ?" ಎಂದರು.

ಹೊಗಳಿದರೆ ನಾನು ಉಬ್ಬುವವನೇ. ಒಪ್ಪಿಕೊಂಡೆ. ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು. "ಆ ಎರಡನೇ ಗೇಟಿನ ಮನೇಲಿ ಒಬ್ಬ ಮುದುಕ ಮಗಳ ಜೊತೆ ಇದಾನಲ್ಲ, ಯಾವ ಆಧಾರದ ಮೇಲೆ ಇದಾನೆ?"

"ಕರಿಗಿರಿಯಪ್ಪ ಅಂತ, ಹಳಿ ನೋಡ್ಕೊಳ್ತಿದ್ದ ಹಳೇ ಗ್ಯಾಂಗ್‌ಮನ್. ಹಳಿ ಕೆಳಗಿನ ಮೋರಿ ಕುಸಿದಾಗ ರೈಲು ಉಳಿಸಿದ ಅಂತ ಹಿಂದಿನ ಮ್ಯಾನೇಜರು ಇರೋವರೆಗೂ ಇರು ಅಂದಿದ್ರು."

"ಕಾಗದ ಇದೆಯಾ?"

"ಇಲ್ಲ. ಬಾಯಿಮಾತು."

ರಾಯರು ಕೆಟ್ಟವರಲ್ಲ; ಎಲ್ಲಕ್ಕೂ ಕಾಗದ ಕೇಳುವವರು, ಅಷ್ಟೆ. "ಹಾಗಾದ್ರೆ ನೀವು ಪುಸ್ತಕದಲ್ಲಿ ಏನು ಬರೀತೀರೋ ಅದೇ ಕಾಗದ. ಉಳಿಸಿದ್ದು ನಿಜ ಅಂತಾದ್ರೆ ಸಾಯೋವರೆಗೂ ಇರ್ಲಿ, ನನ್ನದೇನೂ ಅಭ್ಯಂತರ ಇಲ್ಲ. ಬರೀ ಕತೆ ಅಂತಾದ್ರೆ ಆ ಮನೆ ಹೊಸ ಗೇಟ್‌ಮನ್‌ಗೆ ಬೇಕು."

ಹೀಗೆ ಒಬ್ಬ ಮನುಷ್ಯನ ತಲೆಯ ಮೇಲಿನ ಸೂರು ನನ್ನ ಲೇಖನಿಯ ಕೆಳಗೆ ಬಂದು ಕೂತಿತು. ಸುಳ್ಳು ಯಾಕೆ ಹೇಳಲಿ, ಅವತ್ತು ಮನೆಗೆ ನಡೆದು ಬರುವಾಗ ನನಗೆ ಖುಷಿಯಾಗಿತ್ತು.

ಯಾಕೆಂದರೆ ಕರಿಗಿರಿಯಪ್ಪನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಪ್ರತಿವರ್ಷ ಆಯುಧಪೂಜೆಯ ದಿನ ಎಂಜಿನ್ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯುತ್ತಿದ್ದರು. ಮೊದಲ ಹಾರ ಎಂಜಿನ್ನಿಗೆ, ಎರಡನೆಯದು ಕರಿಗಿರಿಯಪ್ಪನಿಗೆ. ಮೂರನೆಯದು ಸ್ಟೇಷನ್ ಮಾಸ್ಟರಾದ ನನಗೆ. ಹಾರ ಹಾಕಿಸಿಕೊಂಡ ಮೇಲೆ ಅವನು ಮೋರಿ ಕುಸಿದ ದಿನದ ಕತೆ ಹೇಳಬೇಕು, ಜನ ಕೇಳಬೇಕು. ಕೊನೆಯಲ್ಲಿ ಯಾವಾಗಲೂ ಒಂದೇ ಮಾತು. "ಅಷ್ಟೊತ್ತಿಗೆ ಸ್ಟೇಷನ್ನಲ್ಲಿ ನಮ್ ಮಾಸ್ಟ್ರು ಏನ್ಮಾಡ್ತಿದ್ರು ಗೊತ್ತಾ? ಕೂತ್ಕೊಂಡು ಬರೀತಿದ್ರು." ಜನ ಗೊಳ್ಳೆಂದು ನಗುತ್ತಿದ್ದರು. ನಾನೂ ಹಲ್ಲು ಬಿಡುತ್ತಿದ್ದೆ. ಅವನಿಗೆ ಅದು ಬರೀ ತಮಾಷೆ. ಅದರ ಹಿಂದೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಹಾಗಿದ್ದರೂ ಆ ಮಾತು ಪ್ರತಿಸಲವೂ ನನ್ನ ಎದೆಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಪುಸ್ತಕದ ಸುದ್ದಿ ತಿಳಿದು ಅವನೇ ನಮ್ಮ ಮನೆಗೆ ಬಂದ. ಜಗಲಿಯ ಅಂಚಿನಲ್ಲಿ ಕೂತು, ಅರ್ಧ ಇಲ್ಲದ ಬಲಪಾದವನ್ನು ಪಂಚೆಯಿಂದ ಮುಚ್ಚಿಕೊಂಡ.

"ಬರ್ಕಳಿ ಮಾಸ್ಟ್ರೆ. ಅವತ್ತು ಮಧ್ಯಾನ ಮೂರಕ್ಕೆ ಹಿಡೀತು ನೋಡಿ ಮಳೆ. ಒಂಬತ್ತನೇ ಮೈಲಿ ಮೋರಿ ಕೆಳಗಿನ ಮಣ್ಣು ನನ್ ಕಣ್ಣೆದುರ್ಗೇ ಕೊಚ್ಕೊಂಡೋಯ್ತು. ಹಳಿ ಮಾತ್ರ ಬಟ್ಟೆ ಒಣಾಕೋ ಹಗ್ಗದಂಗೆ ನೇತಾಡ್ತಿತ್ತು. ಕೆಂಪು ಬಾವುಟ ಆ ದಡದಾಗೆ, ನಾನ್ ಈ ದಡದಾಗೆ. ತಲೇಗ್ ಸುತ್ತಿದ್ ಕೆಂಪು ವಸ್ತ್ರ ಬಿಚ್ಕೊಂಡು ರೈಲು ಬರೋ ಕಡೀಕೆ ಓಡ್ದೆ. ತಿರುವಲ್ಲಿ ಬಂದೇ ಬಿಡ್ತು."

"ಪಕ್ಕಕ್ಕೆ ಸರಿದು ಬೀಸಬಹುದಿತ್ತಲ್ಲ?" ಎಂದೆ. ಕೊಂಕಾಗಿಯೇ ಕೇಳಿದೆ.

"ಸರೀಬೋದಿತ್ತು. ಸರಿದ್ರೆ ಡ್ರೈವರ್ ಮಹಬೂಬ್ ಸಾಬ್ರು ಯಾವನೋ ಕುಡುಕ ಅನ್ಕೊಂಡು ಹೊಂಟೋಗೋರು. ಅದ್ಕೇ ಹಳಿ ಮಧ್ಯ ನಿಂತೇ ಇದ್ದೆ. ಬ್ರೇಕ್ ಹಾಕುದ್ರು. ಇನ್ನೇನು ನಿಂತ್ಕಂತು ಅನ್ನೋವಾಗ ಈ ಕಾಲ್ನ ತಿಂದ್ಬುಡ್ತು." ಅವನು ನಕ್ಕ. "ತಿನ್ಲಿ ಬುಡಿ. ರೈಲು ಉಳೀತು." ನಂತರ ದನಿ ತಗ್ಗಿಸಿ ಕೇಳಿದ, "ಮಾಸ್ಟ್ರೆ, ಪುಸ್ತಕದಾಗೆ ಬಂದ್ರೆ ಮನೆ ಬುಡು ಅನ್ನಂಗಿಲ್ವಂತೆ, ಹೌದಾ? ನನ್ ಮಗ್ಳು ಸಿದ್ದಮ್ಮನ್ಗೆ ಅದೇ ದಿಗಿಲು. ಗಂಡ ಸತ್ತೋಳು, ಎಲ್ ಕರ್ಕೊಂಡ್ ಹೋಗ್ಲಿ?"

"ನೋಡೋಣ, ದಾಖಲೆ ಏನು ಹೇಳುತ್ತೋ ಹಾಗೆ," ಎಂದೆ. ಅವನು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಬರೆದುಕೊಂಡಿರಲಿಲ್ಲ. ಹಾಳೆಯ ಮೇಲೆ ಸುಮ್ಮನೆ ಗೀಟು ಎಳೆದಿದ್ದೆ. ಓದು ಬಾರದ ಅವನು ಆ ಗೀಟುಗಳನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿ ಎದ್ದುಹೋದ.

ಮಾರನೆಯ ವಾರ ಸೀತಾಪತಿ ರಾಯರು ಹಳೆಯ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿ ಧೂಳು ಹೊಡೆಸಿದರು. ಆ ವರ್ಷದ್ದು, ಆ ತಿಂಗಳದ್ದು, ಆ ದಿನದ್ದು ಹುಡುಕಿ ತೆಗೆದರು. ರೈಲು ಬಂದ ಹೊತ್ತಿನ ಅಂಕಣದಲ್ಲಿ ದುಂಡು ಅಕ್ಷರದಲ್ಲಿ ಬರೆದಿತ್ತು: ಐದು ಗಂಟೆ ಹತ್ತು ನಿಮಿಷ. ಷರಾ: ಎಲ್ಲ ಸರಿಯಾಗಿದೆ. ಅಲ್ಲಿಂದ ನಾಲ್ಕು ದಿನ ಮುಂದಿನ ತಾರೀಖಿನಲ್ಲಿ ಇನ್ನೊಂದು ಸಾಲು: ಗ್ಯಾಂಗ್‌ಮನ್ ಕರಿಗಿರಿಯಪ್ಪ ಹಳಿ ಸಾಗಿಸುವಾಗ ಅಜಾಗರೂಕತೆಯಿಂದ ಕಾಲ ಮೇಲೆ ಬೀಳಿಸಿಕೊಂಡು ಗಾಯಗೊಂಡಿರುತ್ತಾನೆ.

ರಾಯರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಇದು ನಿಮ್ಮ ಕೈಬರಹ ಅಲ್ವಾ?"

"ಹೌದು. ಆಗ ನಾನೇ ಗುಮಾಸ್ತ."

"ಊರು ಹೇಳೋದು ಬೇರೆ, ಬರಹ ಹೇಳೋದು ಬೇರೆ. ನೀವು ಅಲ್ಲೇ ಇದ್ದವರು. ಅವತ್ತು ಸಂಜೆ ರೈಲು ಬಂದಿತ್ತಾ?"

ಕೋಣೆಯಲ್ಲಿ ಹಳೆಯ ಕಾಗದದ ವಾಸನೆ ತುಂಬಿತ್ತು. ಹೊರಗೆ, ಸ್ಟೇಷನ್ನಿನ ಆಚೆ, ಹಳಿಯ ಬೆಣೆಗೆ ಸುತ್ತಿಗೆ ಬಡಿಯುವ ಸದ್ದು ನಾಲ್ಕು ಹೆಜ್ಜೆಗೊಮ್ಮೆ ಕೇಳುತ್ತಿತ್ತು.

"ಬಂದಿತ್ತು," ಎಂದೆ.

ಬಂದಿರಲಿಲ್ಲ. ಈಗ ನಮ್ಮ ರೈಲಿನ ಒಂದು ಪದ್ಧತಿ ಹೇಳಬೇಕು. ಅದು ನಾನು ಬರೆದ ಚರಿತ್ರೆಯಲ್ಲಿ ಇಲ್ಲ. ನಮ್ಮಲ್ಲಿ ಸಂಜೆಯ ರೈಲಿನ ಹೊತ್ತನ್ನು ಬೆಳಗ್ಗೆಯೇ ಬರೆದುಬಿಡುತ್ತಿದ್ದರು. ಬೆಳಗ್ಗೆ ಎಂಟಕ್ಕೆ ರೈಲು ಕಳಿಸಿ, ಮಸಿ ಆರುವ ಮೊದಲೇ, ಕೆಳಗಿನ ಸಾಲಿನಲ್ಲಿ ಐದು ಹತ್ತು, ಎಲ್ಲ ಸರಿಯಾಗಿದೆ. ನನಗೆ ಕೆಲಸ ಕಲಿಸಿದ ಮುದುಕ ಗುಮಾಸ್ತರು ಮೊದಲ ದಿನವೇ ಹೇಳಿದ್ದರು, "ಇರೋದು ಒಂದು ಹಳಿ, ಒಂದು ಎಂಜಿನ್. ಬೆಳಗ್ಗೆ ಹೋದದ್ದು ಸಂಜೆ ಬರಲೇಬೇಕು. ಇನ್ನೆಲ್ಲಿಗೆ ಹೋದೀತು? ಎರಡು ಸಲ ಮಸಿಕುಡಿಕೆ ಯಾಕೆ ತೆಗೀತೀಯ?" ಹತ್ತು ನಿಮಿಷ ತಡವಾಗಿ ಬಂದರೂ ಐದು ಹತ್ತೇ, ಅರ್ಧ ಗಂಟೆ ತಡವಾದರೂ ಐದು ಹತ್ತೇ. ವರ್ಷಗಟ್ಟಲೆ ನಮ್ಮ ರೈಲು ಒಂದು ನಿಮಿಷವೂ ತಪ್ಪದೆ ಬಂದಿದೆಯೆಂದು ಆ ಪುಸ್ತಕಗಳು ಸಾಕ್ಷಿ ಹೇಳುತ್ತವೆ.

ಆ ದಿನವೂ ಬೆಳಗ್ಗೆಯೇ ಬರೆದು ಮುಗಿಸಿದ್ದೆ. ಮಧ್ಯಾಹ್ನ ಮಳೆ ಬಿತ್ತು, ಮೋರಿ ಹೋಯಿತು, ಸಂಜೆ ಏಳಾದರೂ ರೈಲಿಲ್ಲ. ಆಮೇಲೆ ಗಾರ್ಡ್ ಮಳೆಯಲ್ಲಿ ತೊಯ್ದುಕೊಂಡು ನಡೆದೇ ಬಂದು ಸುದ್ದಿ ಹೇಳಿದ. ನಾನು ರಿಜಿಸ್ಟರ್ ತೆರೆದು ನೋಡುತ್ತ ನಿಂತುಬಿಟ್ಟೆ. ಪುಟಗಳಿಗೆ ನಂಬರು ಇತ್ತು, ಹರಿಯುವಂತಿಲ್ಲ. ಹೊಡೆದುಹಾಕಿ ತಿದ್ದಿದರೆ ಯಾಕೆ ಎಂದು ಕೇಳುತ್ತಾರೆ. ಆಗಿನ ಮ್ಯಾನೇಜರಿಗೂ ಹೆದರಿಕೆ. ಮೋರಿಯ ಕಲ್ಲು ಸಡಿಲವಾಗಿದೆಯೆಂದು ಕರಿಗಿರಿಯಪ್ಪ ಎರಡು ಸಲ ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಂಡಿರಲಿಲ್ಲ. ಮೇಲಿನವರು ತನಿಖೆಗೆ ಬಂದರೆ ಲೈನು ನಿಲ್ಲಿಸುತ್ತಿದ್ದರು. ಬೋಗಿಯಲ್ಲಿದ್ದವರು ಹೊರಊರಿನ ಐದಾರು ವ್ಯಾಪಾರಿಗಳು. ಗಾಡಿ ಮಾಡಿ ಕಳಿಸಿದೆವು. ಮ್ಯಾನೇಜರ್, ಡ್ರೈವರ್ ಮಹಬೂಬ್ ಸಾಬ್, ಗಾರ್ಡ್, ನಾನು, ನಾಲ್ವರೂ ಮಾತಾಡಿಕೊಂಡೆವು. ಕಾಗದದ ಮೇಲೆ ರೈಲು ಬಂದಿದೆ, ಬಂದೇ ಇರಲಿ, ಮೋರಿ ಕಟ್ಟಿ ಮುಗಿಯುವವರೆಗೂ ದಿನಾ ಹಾಗೇ ಬರುತ್ತಿರಲಿ. ಕಾಲು ಹೋದವನಿಗೆ ಗೇಟಿನ ಮನೆ ಕೊಟ್ಟರಾಯಿತು. ಆದರೆ ಕಾಲು ಹೇಗೆ ಹೋಯಿತೆಂದು ಎಲ್ಲೋ ಒಂದು ಕಡೆ ಬರೆಯಬೇಕಲ್ಲ? ಅದನ್ನೂ ನಾನೇ ಬರೆದೆ. ಅಜಾಗರೂಕತೆಯಿಂದ ಎಂಬ ಪದ ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ಸ್ವಂತದ್ದು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಕರಿಗಿರಿಯಪ್ಪ ಆಗ ಆಸ್ಪತ್ರೆಯಲ್ಲಿದ್ದ. ಊರಿಗೆ ಅವನು ಕಂಡದ್ದೇ ಗೊತ್ತಾಯಿತು, ರಿಜಿಸ್ಟರಿನಲ್ಲಿ ನಾವು ಬರೆದದ್ದು ಉಳಿಯಿತು.

ಮೂವತ್ತೊಂದು ವರ್ಷ ಎರಡೂ ಒಂದನ್ನೊಂದು ಮುಟ್ಟದೆ ಇದ್ದವು. ಈಗ ಉಳಿದ ಮೂವರೂ ತೀರಿಕೊಂಡಿದ್ದರು, ನಾನೊಬ್ಬನೇ ಇದ್ದೆ. ಸೀತಾಪತಿ ರಾಯರ ಮುಂದೆ ಬಾಯಿಬಿಟ್ಟು ಹೀಗಾಯಿತು ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ನಕ್ಕು, "ಎಂಥಾ ಕಾಲ ನಿಮ್ಮದು ಮಾಸ್ಟ್ರೇ" ಎಂದು ಪುಟ ಮಗುಚುತ್ತಿದ್ದರು. ಅಷ್ಟೇ ಆಗಿದ್ದರೂ ನನ್ನ ಕೈಲಿ ಆಗಲಿಲ್ಲ. ಇದು ಬರೀ ಹೆದರಿಕೆಯಾಗಿದ್ದರೆ ನನ್ನನ್ನು ನಾನು ಎಂದೋ ಕ್ಷಮಿಸಿಕೊಳ್ಳುತ್ತಿದ್ದೆ. ಕೂತ್ಕೊಂಡು ಬರೀತಿದ್ರು ಎಂದು ಅವನು ವರ್ಷವರ್ಷ ನಗಿಸಿದ್ದನಲ್ಲ, ನೋಡು ನಾನು ಬರೆದದ್ದು ಎಷ್ಟು ಗಟ್ಟಿ ಎಂದು ತೋರಿಸುವ ಹಟ ಬಂದಿತ್ತು.

ಹಸ್ತಪ್ರತಿಯನ್ನು ನನ್ನ ಹೆಂಡತಿ ಅಲಮೇಲು ಓದಿದಳು. ಮದುವೆಯಾದ ಹೊಸದರಲ್ಲಿ, ದೊಡ್ಡಸ್ತಿಕೆಗೋ ಸಲಿಗೆಗೋ, ಅವಳಿಗೆ ನಾನು ಆ ರಿಜಿಸ್ಟರಿನ ವಿಷಯ ಹೇಳಿದ್ದೆ.

"ಅವತ್ತು ರೈಲು ಬರ್ಲಿಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದಳು.

"ಚರಿತ್ರೆ ನಿನಗೆ ತಿಳಿಯಲ್ಲ. ಒಳಗೆ ಒಲೆ ನೋಡು ಹೋಗು," ಎಂದೆ.

ಅವಳು ಹಾಳೆಗಳನ್ನು ನನ್ನ ಮುಂದೆ ಇಟ್ಟು ಹೋದಳು. ಆಮೇಲೆ ಆ ಪುಸ್ತಕವನ್ನು ಅವಳು ಎಂದೂ ಮುಟ್ಟಲಿಲ್ಲ.

ರೈಲಿನ ಐವತ್ತರ ಉತ್ಸವದ ದಿನ ಎಲ್ಲ ಹಳೆಯ ನೌಕರರಿಗೂ ಪುಸ್ತಕದ ಒಂದೊಂದು ಪ್ರತಿ ಕೊಟ್ಟರು. ವೇದಿಕೆಯ ಮೇಲೆ ಯಾರೂ ಓದಲಿಲ್ಲ, ಅದೇ ಪುಣ್ಯ ಅಂದುಕೊಂಡೆ. ಮಾರನೆಯ ಬೆಳಗ್ಗೆ ಕರಿಗಿರಿಯಪ್ಪ ಮಗಳು ಸಿದ್ದಮ್ಮನನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ.

"ನಂದು ಎಷ್ಟನೇ ಪುಟ ಮಾಸ್ಟ್ರೆ?"

"ಮೂವತ್ತೆರಡು."

ಆ ಪುಟ ನನ್ನ ಕೈಯಲ್ಲೇ ತೆಗೆಸಿ, ಮೂಲೆ ಮಡಿಸಿಕೊಂಡ. "ನೀವೇ ಬರ್ದಿದ್ದು, ನಿಮ್ ಬಾಯಿಂದ್ಲೇ ಕೇಳವಾ ಅಂತ ಬಂದ್ವಿ. ಇವ್ಳೂ ಕೇಳ್ಲಿ," ಎಂದ. ಸಿದ್ದಮ್ಮ ಸೆರಗು ಹೊದ್ದು ಕಂಬಕ್ಕೆ ಒರಗಿ ಕೂತಳು.

ನನ್ನ ಕಣ್ಣ ಮುಂದೆ ಇದ್ದ ಅಚ್ಚಿನ ಸಾಲುಗಳು ಇವು: ಗ್ಯಾಂಗ್‌ಮನ್ ಕರಿಗಿರಿಯಪ್ಪನೆಂಬವನು ರೈಲನ್ನು ತಡೆದು ಉಳಿಸಿದನೆಂಬ ಜನಜನಿತ ಮಾತಿಗೆ ದಾಖಲೆಗಳಲ್ಲಿ ಯಾವ ಆಧಾರವೂ ಇಲ್ಲ. ಆ ದಿನ ರೈಲು ಐದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಬಂದು ಸೇರಿತು. ಸದರಿ ನೌಕರನು ತನ್ನ ಅಜಾಗರೂಕತೆಯಿಂದಲೇ ಗಾಯಗೊಂಡವನು.

ಬರೆಯುವಾಗ ಸಲೀಸಾಗಿ ಬರೆದಿದ್ದೆ. ಅವರಿಬ್ಬರ ಮುಖದ ಎದುರು ಓದಲು ಮಾತ್ರ ನಾಲಿಗೆ ಏಳಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟು, ಅಲ್ಲಿ ಇಲ್ಲದ್ದನ್ನು ಓದಿದೆ. ಮೋರಿಯ ಮಣ್ಣು ಕೊಚ್ಚಿಹೋದದ್ದು, ಅವನು ತಲೆಯ ಕೆಂಪು ವಸ್ತ್ರ ಬಿಚ್ಚಿ ಓಡಿದ್ದು. ಪಕ್ಕಕ್ಕೆ ಸರಿಯಬಹುದಾಗಿತ್ತು, ಸರಿಯಲಿಲ್ಲ. ಹಳಿಗಳ ನಡುವೆ ನಿಂತೇ ಇದ್ದನು. ರೈಲು ಉಳಿಯಿತು, ಅವನ ಕಾಲು ಹೋಯಿತು. ಈ ದಾರಿ ಇಂದಿಗೂ ಇರುವುದು ಅವನಿಂದ. ಸಾಲಿಗೆ ಸಾಲು ಜೋಡಿಸಿಕೊಂಡು ನಿಧಾನವಾಗಿ ಓದಿದೆ. ನಾನು ಬರೆದ ಆ ಪುಸ್ತಕದಲ್ಲಿ ಅಷ್ಟು ಚೆನ್ನಾದ ಒಂದು ಪುಟವೂ ಇರಲಿಲ್ಲ.

ಸಿದ್ದಮ್ಮ ಅಳುತ್ತಿದ್ದಳು. ಕರಿಗಿರಿಯಪ್ಪ ನನಗಿಂತ ಹತ್ತು ವರ್ಷ ದೊಡ್ಡವನು. ಬೇಡವೆಂದರೂ ಬಗ್ಗಿ ನನ್ನ ಕಾಲು ಮುಟ್ಟಿದ. "ನಾನು ವರ್ಸಾ ವರ್ಸಾ ನಿಮ್ಮುನ್ನ ಆಡ್ಕಂಡು ನಗ್ತಿದ್ದೆ. ಮನ್ಸಿಗ್ ಇಟ್ಕಬ್ಯಾಡಿ ಮಾಸ್ಟ್ರೆ," ಎಂದ. ನಾನು ಪರವಾಗಿಲ್ಲ ಎಂದೆ. ದೇವರಾಣೆಗೂ ಹಾಗೇ ಅಂದೆ.

ಅವನು ಸುಮ್ಮನೆ ಮನೆಗೆ ಹೋಗಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಒಂದು ಸಲ ಕೇಳಿದ ಸವಿ ಅವನಿಗೆ ಸಾಲಲಿಲ್ಲ. ಪುಸ್ತಕ ಹಿಡಿದು ಊರಿಗೆ ಹೊರಟ. ಮೊದಲು ಕ್ಷೌರದಂಗಡಿಗೆ. ಮೂವತ್ತೆರಡನೇ ಪುಟ ಓದು ಎಂದು ಅಲ್ಲಿ ಕಾದು ಕೂತಿದ್ದವನ ಕೈಗೆ ಕೊಟ್ಟನಂತೆ. ಅವನು ಮನಸ್ಸಿನಲ್ಲೇ ಓದಿಕೊಂಡು, "ಅಕ್ಷರ ಸಣ್ಣದು ಕಣಣ್ಣ, ಕನ್ನಡಕ ತಂದಿಲ್ಲ" ಎಂದು ಹಿಂದಕ್ಕೆ ಕೊಟ್ಟ. ಟೀ ಅಂಗಡಿಯವನು ಓದಿಕೊಂಡು, "ಆಮೇಲ್ ಓದ್ತೀನಿ, ಹಾಲು ಉಕ್ತದೆ" ಎಂದ. ಶಾಲೆಯ ಮೇಷ್ಟ್ರಿಗೆ ಗಂಟಲು ಕಟ್ಟಿತ್ತು. ಹೀಗೆ ಎರಡು ದಿನ. ಊರವರೆಲ್ಲ ಅವನ ಮೇಲಿನ ಮರ್ಯಾದೆಗೆ ಹಾಗೆ ಮಾಡಿದರು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಓದು ಬಾರದವನಿಗೂ ಮುಖ ಓದಲು ಬರುತ್ತದೆ. ಕಣ್ಣು ಚೆನ್ನಾಗಿದ್ದವರೆಲ್ಲ ಒಂದೇ ಪುಟದ ಮುಂದೆ ಕುರುಡರಾಗುವುದನ್ನು ಅವನು ನೋಡಿದ.

ಮೂರನೆಯ ದಿನ ಕಚೇರಿಯ ಜವಾನ ನೋಟೀಸು ತಂದ. ಅವನು ಹೊರಊರಿನವನು, ಯಾವ ದಾಕ್ಷಿಣ್ಯವೂ ಇಲ್ಲದೆ ಗೇಟಿನ ಮುಂದೆ ನಿಂತು ಗಟ್ಟಿಯಾಗಿ ಓದಿದ. ರೈಲ್ವೆಯ ಚರಿತ್ರೆಯ ಮೂವತ್ತೆರಡನೇ ಪುಟದಲ್ಲಿ ತಿಳಿಸಿರುವ ಪ್ರಕಾರ ಸದರಿಯವನಿಗೆ ಈ ಮನೆಯ ಮೇಲೆ ಯಾವ ಹಕ್ಕೂ ಇರುವುದಿಲ್ಲ. ವಾರದೊಳಗೆ ಬಿಡತಕ್ಕದ್ದು. ಸಿದ್ದಮ್ಮ ಆ ಪುಟದಲ್ಲಿ ಏನಿದೆಯೆಂದು ಕೇಳಿದಳಂತೆ. ಜವಾನ ಅದನ್ನೂ ಓದಿದ.

ಅವರು ಗೋಡೌನಿನ ಹಿಂದೆ, ತಗಡು ಹೊದಿಸಿದ ಒಂದು ಮೂಲೆಯಲ್ಲಿ ಪಾತ್ರೆ ಇಟ್ಟುಕೊಂಡರು. ಊರಿನಲ್ಲಿ ಒಬ್ಬಿಬ್ಬರು ಕರುಣೆಯ ಮಾತಾಡಿದರು, ಒಬ್ಬಿಬ್ಬರು ಹೌದೇನೋ, ಅಷ್ಟು ವರ್ಷ ನಮ್ಮನ್ನೆಲ್ಲ ಮಂಗ ಮಾಡಿದನೇನೋ ಎಂದರು. ಅಚ್ಚಾದದ್ದರ ಮುಂದೆ ಕಂಡದ್ದು ಎಷ್ಟು ಬೇಗ ಸೋಲುತ್ತದೆಂದು ನನಗೆ ಆಗ ಗೊತ್ತಾಯಿತು. ಬೆಳಗಿನ ಸುತ್ತಿಗೆಯ ಸದ್ದು ನಿಂತುಹೋಯಿತು. ನನಗೆ ಅದೊಂದು ನೆಮ್ಮದಿಯೆನಿಸಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಎಂಟು ದಿನ ಕಳೆದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಅವನು ನಮ್ಮ ಜಗಲಿಗೆ ಬಂದ. ಒಬ್ಬನೇ. ಯಾವಾಗಲೂ ಕೂರುತ್ತಿದ್ದ ಅಂಚಿನಲ್ಲಿ ಕೂರದೆ, ಮೇಲೆ ಹತ್ತಿ ನನ್ನ ಪಕ್ಕದಲ್ಲೇ ಕೂತ. ಅಲಮೇಲು ಬಾಗಿಲಿಗೆ ಬಂದು ನಿಂತಳು. ಅವನು ಬಟ್ಟೆ ಬಿಚ್ಚಿ, ಮಡಿಸಿದ ಮೂಲೆ ಹುಡುಕಿ, ಪುಸ್ತಕ ನನ್ನ ತೊಡೆಯ ಮೇಲೆ ಇಟ್ಟ.

"ಓದಿ ಮಾಸ್ಟ್ರೆ."

"ಕರಿಗಿರಿಯಪ್ಪ, ನನ್ನಿಂದ ದೊಡ್ಡ ತಪ್ಪಾಯ್ತು. ನಾನು ನಾಳೆ ರಾಯರ ಹತ್ತಿರ..."

"ನಾನದುಕ್ ಬಂದಿಲ್ಲ. ಆ ಮನೇಲಿ ಈಗ ಬ್ಯಾರೆಯವ್ರು ಅವ್ರೆ, ಬಾಣಂತಿ ಅವ್ಳೆ. ಅವ್ರುನ್ನ ಎಬ್ಬಿಸ್ಲಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಅವತ್ತು ಓದುದ್ರಲ್ಲ, ಅದ್ನೇ ಓದಿ."

"ಅದು ಇದರಲ್ಲಿ ಇಲ್ಲ," ಎಂದೆ.

"ಗೊತ್ತು. ಓದಿ."

ಓದಿದೆ. ಅವನು ತೋರುಬೆರಳನ್ನು ಅಚ್ಚಿನ ಮೊದಲ ಸಾಲಿನ ಮೇಲಿಟ್ಟು, ನನ್ನ ಮಾತು ನಡೆದ ಹಾಗೆ ಬೆರಳನ್ನೂ ನಡೆಸಿದ. ಮುಗಿದ ಮೇಲೆ ಪುಸ್ತಕ ಸುತ್ತಿಕೊಂಡು ಎದ್ದ. "ನಾಳೀಕ್ ಬತ್ತೀನಿ," ಎಂದ.

ಮಾರನೆಯ ದಿನ ಬಂದ. ಅದರ ಮಾರನೆಯ ದಿನವೂ ಬಂದ. ನಾನು ಮನೆಯಲ್ಲಿ ಇಲ್ಲವೆಂದು ಹೇಳಿಸಲು ನೋಡಿದೆ. ಅಲಮೇಲು, "ಇದ್ದಾರೆ, ಕೂತ್ಕೊಳ್ಳಿ" ಎಂದು ಚಾಪೆ ಹಾಸಿದಳು. ಆ ವರ್ಷವೆಲ್ಲ, ಮರುವರ್ಷ ಅವನು ಹಾಸಿಗೆ ಹಿಡಿಯುವವರೆಗೂ, ಒಂದು ಸಂಜೆಯೂ ತಪ್ಪಲಿಲ್ಲ. ಬೇಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಪುಸ್ತಕ ತೊಡೆಯ ಮೇಲೆ ಇಡುತ್ತಿದ್ದ ಅಷ್ಟೆ. ರಾಯರಿಗೆ ನಾನು ಹೇಳಲೇ ಇಲ್ಲ. ಸಂಜೆ ಅವನಿಗೆ ಓದುತ್ತಿದ್ದೇನಲ್ಲ, ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಸಂಜೆ ನನಗೆ ಜ್ವರ, ಬೇಗ ಮುಗಿಸಿದರೆ ಸಾಕಾಗಿತ್ತು. ವಸ್ತ್ರ ಬಿಚ್ಚಿ ಓಡಿದನು ಎಂಬಲ್ಲಿಂದ ನೇರವಾಗಿ ರೈಲು ಉಳಿಯಿತು ಎಂಬಲ್ಲಿಗೆ ಹಾರಿದೆ. ಅವನ ಬೆರಳು ನಿಂತಿತು. ಅದರ ಉಗುರಿನ ಕೆಳಗೆ ಇದ್ದದ್ದು ಅಜಾಗರೂಕತೆಯಿಂದಲೇ ಎಂಬ ಪದ.

"ಮಧ್ಯ ಒಂದು ಬುಟ್ರಿ," ಎಂದ. "ಸರೀಬೋದಿತ್ತು, ಸರೀಲಿಲ್ಲ ಅಂತ ಐತಲ್ಲ ಇಲ್ಲಿ."

ನಾನು ಪುಟ ನೋಡಿದೆ. ಬಾಗಿಲಲ್ಲಿ ಅಲಮೇಲು ನಿಂತಿದ್ದಳು. "ಪಕ್ಕಕ್ಕೆ ಸರಿಯಬಹುದಾಗಿತ್ತು," ಎಂದು ಓದಿದೆ. "ಸರಿಯಲಿಲ್ಲ."

ಅವನು ತಲೆಯಾಡಿಸಿದ. ಬೆರಳು ಮುಂದಿನ ಸಾಲಿಗೆ ಇಳಿಯಿತು.